ಕಾರಾಪುರದ ಹುಡುಗ, ಹಾಲಿವುಡ್ಡಿನ ತಾರೆ

(ಬಾನುಲಿ ಭಾಷಣ)

ಅಮೆರಿಕದ ಹಳೆಯ ಚಲನಚಿತ್ರ ತಾರೆಯರ ಜೀವನವನ್ನು ಕುರಿತು ಮಾತನಾಡಬೇಕೆಂದು ನನ್ನನ್ನು ಕೇಳಿದಾಗ ತುಸು ಸಂಕೋಚವೇ ಆಯಿತು. ಕನ್ನಡ ಎಂ.ಎ. ಓದಿ, ಮೂರು ದಶಕಗಳಿಗೂ ಮಿಕ್ಕು ಪಂಪನನ್ನೂ ಕುಮಾರವ್ಯಾಸನನ್ನೂ ಪಾಠ ಹೇಳಿ ನಿವೃತ್ತನಾದವನಿಗೂ ಕ್ಲಾರ್ಕ್ ಗೇಬಲ್, ಗ್ರೇಟಾ ಗಾರ್ಬೋ ಮೊದಲಾದವರಿಗೂ ಎಲ್ಲಿಯ ನಂಟು ಎಂದು ಶ್ರೋತೃಗಳು ಕೇಳಬಹುದು. ನಂಟು ಸ್ವಲ್ಪ ಉಂಟು. ನಮ್ಮ ಕಾಲೇಜು ದಿನಗಳಲ್ಲಿ ಬೆಂಗಳೂರಿನ ದಂಡುಪ್ರದೇಶದ ಪ್ಲಾಜಾ, ರೆಕ್ಸ್ ಮೊದಲಾದ ಚಿತ್ರಮಂದಿರಗಳಿಗೆ ಹೋಗಿ ಇಂಗ್ಲಿಷ್ ಚಿತ್ರಗಳನ್ನು ನೋಡುವುದು ಸಾಹಿತ್ಯದ ವಿದ್ಯಾರ್ಥಿಗಳಿಗೂ ಒಂದು ವಿದ್ಯಾಭ್ಯಾಸವಾಗಿತ್ತು. ಈಗ ಆ ಎರಡು ಮಂದಿರಗಳೂ ಇಲ್ಲ. ಆದರೂ ಅಲ್ಲಿ ಕಂಡ ಮುಖಗಳು ಮನಸ್ಸಿನಿಂದ ಮಾಸಿಲ್ಲ.

ಆದರೆ ಇಂದು ನಾನು ಗೇಬಲ್, ಗಾರ್ಬೋ ಇವರ ವಿಚಾರವನ್ನು ಹೇಳಹೊರಟಿಲ್ಲ. ಅವರನ್ನು ಕುರಿತು ಹೇಳಬಲ್ಲವರು ಬೇಕಾದಷ್ಟು ಜನ ಇದ್ದಾರೆ. ನಾನು ಹೇಳಬೇಕೆಂದಿರುವ ತಾರೆ ಹುಟ್ಟಿದ್ದು ಮೈಸೂರು ಸಂಸ್ಥಾನದ ಹೆಗ್ಗಡದೇವನಕೋಟೆ ಸೀಮೆಯಲ್ಲಿ, ಕಬಿನಿಯ ದಡದ ಕಾರಾಪುರದಲ್ಲಿ. ಅವನು ತೀರಿಕೊಂಡದ್ದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. ಹುಟ್ಟು 1924ರ ಜನವರಿ 27, ಸಾವು 1963ರ ಡಿಸೆಂಬರ್ 2. ನಡುವಣ ಮೂವತ್ತೊಂಬತ್ತು ವರ್ಷಗಳಲ್ಲಿ ಅವನು ಲೋಕಪ್ರಸಿದ್ಧನಾದ, ಯುದ್ಧವೀರನಾದ, ಹಾಗೆಯೇ ಮರೆವಿಗೂ ಸಂದ. ಅವನ ಹೆಸರು ಸಾಬು. ಹಾಲಿವುಡ್ಡಿನ ದೊಡ್ಡ ಚಿತ್ರಗಳ ಶೀರ್ಷಿಕೆಯಲ್ಲಿ ಮೊದಲ ಸಾಲಿನ ಹೆಸರು ಪಡೆದ ಕನ್ನಡ ನಾಡಿನ ಮಗ ಇವನೊಬ್ಬನೇ ಎಂದು ನನ್ನ ತಿಳಿವಳಿಕೆ.

ಇವನ ಕಥೆಯನ್ನು ಆರಿಸಿಕೊಂಡದ್ದಕ್ಕೆ ನಾಡಿನ ಅಭಿಮಾನವೊಂದೇ ಕಾರಣವಲ್ಲ. ಹಾಲಿವುಡ್ ಎಂಬ ಯಂತ್ರ ತಾರೆಯನ್ನು ಹೇಗೆ ನಿರ್ಮಿಸುತ್ತಿತ್ತು, ಏನು ಕೊಡುತ್ತಿತ್ತು, ಏನು ಕಸಿದುಕೊಳ್ಳುತ್ತಿತ್ತು ಎಂಬುದು ದೊಡ್ಡ ದೊಡ್ಡ ತಾರೆಯರ ಜೀವನಚರಿತ್ರೆಗಳಿಗಿಂತ ಈ ಹುಡುಗನ ಬಾಳಿನಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಮೊದಲು ಅವನು ಹುಟ್ಟಿದ ಸೀಮೆಯನ್ನು ನೆನೆಯೋಣ. ಕಾರಾಪುರ, ಕಾಕನಕೋಟೆ ಎಂದರೆ ಮೈಸೂರಿಗರಿಗೆ ಒಡನೆಯೇ ನೆನಪಾಗುವುದು ಖೆಡ್ಡ. ಕಾಡಾನೆಗಳ ಹಿಂಡನ್ನು ನೂರಾರು ಜನ ಸುತ್ತುವರಿದು, ತಮಟೆ ಬಡಿದು, ಬೆಂಕಿ ತೋರಿಸಿ, ನದಿಯನ್ನು ದಾಟಿಸಿ, ಮರದ ದಿಮ್ಮಿಗಳ ಆವರಣದೊಳಗೆ ನುಗ್ಗಿಸುವ ಆ ಸಾಹಸವನ್ನು ನೋಡಲು ವೈಸರಾಯರುಗಳೂ ರಾಜಮಹಾರಾಜರೂ ಬರುತ್ತಿದ್ದರು. ಮೈಸೂರಿನಲ್ಲಿ ಈ ಪದ್ಧತಿಯನ್ನು ನೆಲೆಗೊಳಿಸಿದವನು ಸ್ಯಾಂಡರ್ಸನ್ ಎಂಬ ಆಂಗ್ಲ ಅಧಿಕಾರಿ. ಅದು ಹತ್ತೊಂಬತ್ತನೆಯ ಶತಮಾನದ ಎಪ್ಪತ್ತರ ದಶಕದ ಮಾತು. ಕಾಕನಕೋಟೆಯ ಕೊನೆಯ ಖೆಡ್ಡ ನಡೆದದ್ದು 1971ರಲ್ಲಿ. ಅನಂತರ ಕಬಿನಿಗೆ ಅಣೆಕಟ್ಟು ಬಂದು ಆ ಪ್ರದೇಶದ ಬಹುಭಾಗ ನೀರಿನಲ್ಲಿ ಮುಳುಗಿತು. ಈ ಕಾಡಿನ ಜನರನ್ನು ಕುರಿತು ಮಾಸ್ತಿಯವರು 'ಕಾಕನಕೋಟೆ' ನಾಟಕವನ್ನು ಬರೆದರು; 1977ರಲ್ಲಿ ಸಿ.ಆರ್. ಸಿಂಹ ಅದನ್ನು ಚಲನಚಿತ್ರವಾಗಿಸಿದರು. ಮಾಸ್ತಿಯವರ ನಾಟಕದ ಕಾಡಿನವರು ರಾಜನೊಡನೆಯೂ ಸರಿಸಮನಾಗಿ ಮಾತನಾಡಬಲ್ಲವರು. ಈ ಮಾತನ್ನು ಶ್ರೋತೃಗಳು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಮುಂದೆ ಅದರ ಪ್ರಯೋಜನವಿದೆ.

ಸಾಬುವಿನ ತಂದೆ ಮಹಾರಾಜರ ಆನೆಗಳ ಮಾವುತ. ತಾಯಿ ಮಗು ಎಳೆಯದಿರುವಾಗಲೇ ತೀರಿಕೊಂಡಳು. ಅವನಿನ್ನೂ ಬಾಲಕನಾಗಿರುವಾಗಲೇ ತಂದೆಯೂ ಹೋದ. ಅನಾಥನಾದ ಹುಡುಗನಿಗೆ ಅರಮನೆಯ ಆನೆಲಾಯವೇ ಆಶ್ರಯವಾಯಿತು. ಅಲ್ಲಿ ಆನೆಗಳ ಮೈ ತೊಳೆಯುತ್ತ, ಮೇವು ಹಾಕುತ್ತ ಬೆಳೆದ ಹುಡುಗನಿಗೆ ಆನೆಯ ಭಾಷೆ ಗೊತ್ತಿತ್ತು. ಇಂಗ್ಲಿಷ್ ಗೊತ್ತಿರಲಿಲ್ಲ.

1935ರಲ್ಲಿ ರಾಬರ್ಟ್ ಫ್ಲಾಹರ್ಟಿ ಎಂಬ ಅಮೆರಿಕನ್ ನಿರ್ದೇಶಕ ಮೈಸೂರಿಗೆ ಬಂದ. ಎಸ್ಕಿಮೋ ಜನರ ಬಾಳನ್ನು ಕುರಿತು 1922ರಲ್ಲಿ ತೆಗೆದ 'ನಾನೂಕ್ ಆಫ್ ದಿ ನಾರ್ತ್' ಎಂಬ ಚಿತ್ರದಿಂದ ಅವನು ಜಗತ್ತಿಗೆಲ್ಲ ಪರಿಚಿತನಾಗಿದ್ದವನು. ಸಾಕ್ಷ್ಯಚಿತ್ರವೆಂಬ ಪ್ರಕಾರಕ್ಕೆ ಅವನನ್ನು ಆದ್ಯನೆಂದು ಗಣಿಸುತ್ತಾರೆ. ಲಂಡನ್ನಿನಲ್ಲಿ ನೆಲೆಸಿದ್ದ ಹಂಗೇರಿಯ ಅಲೆಕ್ಸಾಂಡರ್ ಕೋರ್ಡಾ ಎಂಬ ನಿರ್ಮಾಪಕ ಅವನನ್ನು ಕಳುಹಿಸಿದ್ದ. ಕಿಪ್ಲಿಂಗನ 'ಜಂಗಲ್ ಬುಕ್' ಸಂಕಲನದಲ್ಲಿ ತೂಮಾಯಿ ಎಂಬ ಮಾವುತರ ಹುಡುಗನ ಕಥೆಯೊಂದಿದೆ. ಆ ಕಥೆಯ ಹುಡುಗನನ್ನೂ ಆನೆಯನ್ನೂ ಹುಡುಕುವುದು ಫ್ಲಾಹರ್ಟಿಯ ಕೆಲಸ. ಮೈಸೂರಿನ ಅರಸರು ಚಿತ್ರತಂಡಕ್ಕೆ ಚಿತ್ತರಂಜನ ಮಹಲನ್ನು ಬಿಟ್ಟುಕೊಟ್ಟರು. ಇಂದು ಅದು ಗ್ರೀನ್ ಹೋಟೆಲ್. ಹುಡುಗನನ್ನು ಆನೆಲಾಯದಲ್ಲಿ ಗುರುತಿಸಿದ ಕೀರ್ತಿ ತಂಡದ ಛಾಯಾಗ್ರಾಹಕ ಓಸ್ಮಂಡ್ ಬೊರಡೇಲ್‌ಗೆ ಸಲ್ಲುತ್ತದೆ. ಆನೆಯ ಪಾತ್ರಕ್ಕೆ ಆಯ್ಕೆಯಾದದ್ದು ಐರಾವತ. ದಸರೆಯಲ್ಲಿ ಅಂಬಾರಿ ಹೊತ್ತ ಮೈಸೂರಿನ ಆನೆಗಳ ಸಾಲಿನಲ್ಲಿ ಈ ಐರಾವತದ ಹೆಸರನ್ನು ಹಿರಿಯರು ಇಂದಿಗೂ ಹೇಳುತ್ತಾರೆ.

ಈ 'ಎಲಿಫೆಂಟ್ ಬಾಯ್' ಎಂಬ ಚಿತ್ರ ಒಂದೇ ಚಿತ್ರವಾದರೂ ಅದರೊಳಗೆ ಎರಡು ಚಿತ್ರಗಳಿವೆ. ಫ್ಲಾಹರ್ಟಿ ಮೈಸೂರಿನಲ್ಲಿ ತೆಗೆದದ್ದು ಒಂದು: ನದಿಯಲ್ಲಿ ಆನೆಯ ಸ್ನಾನ, ಹುಡುಗ ಸೊಂಡಿಲು ಹಿಡಿದು ಮೇಲೇರುವ ರೀತಿ, ಹಿಂಡು ಹಿಂಡಾಗಿ ಸಾಗುವ ಕಾಡಾನೆಗಳು. ಕೋರ್ಡಾ ಇಷ್ಟರಿಂದ ತೃಪ್ತನಾಗಲಿಲ್ಲ. ಅವನಿಗೆ ಕಥೆ ಬೇಕಾಗಿತ್ತು. ಹುಡುಗನನ್ನೂ ಅವನ ಅಣ್ಣ ಶೇಖ್ ದಸ್ತಗೀರನನ್ನೂ ಲಂಡನ್ನಿಗೆ ಕರೆಸಿ, ಕೋರ್ಡಾನ ತಮ್ಮ ಜೋಲ್ಟಾನನ ನಿರ್ದೇಶನದಲ್ಲಿ ಡೆನ್‌ಹ್ಯಾಮ್ ಸ್ಟುಡಿಯೋದಲ್ಲಿ ಸಂಭಾಷಣೆಯ ದೃಶ್ಯಗಳನ್ನು ಸೇರಿಸಿದರು. ಅಲ್ಲಿ ಆಂಗ್ಲ ನಟರು ಮುಖಕ್ಕೆ ಬಣ್ಣ ಬಳಿದುಕೊಂಡು ಭಾರತೀಯರಾದರು. ಕಣ್ಣಿದ್ದವರಿಗೆ ಯಾವ ದೃಶ್ಯ ಮೈಸೂರಿನದು, ಯಾವುದು ಲಂಡನ್ನಿನದು ಎಂಬುದು ಕ್ಷಣಮಾತ್ರದಲ್ಲಿ ತಿಳಿಯುತ್ತದೆ. ಎರಡನ್ನೂ ಹೊಲಿದಿರುವ ದಾರವೆಂದರೆ ಸಾಬುವಿನ ನಗು. ಚಿತ್ರ 1937ರಲ್ಲಿ ತೆರೆ ಕಂಡಿತು. ಅದೇ ವರ್ಷ ವೆನಿಸ್ ಚಿತ್ರೋತ್ಸವದಲ್ಲಿ ಅದಕ್ಕೆ ನಿರ್ದೇಶನದ ಬಹುಮಾನ ಬಂದಿತು. ಅರ್ಥ ತಿಳಿಯದ ಇಂಗ್ಲಿಷ್ ಮಾತುಗಳನ್ನು ಕೇಳಿ ಕಲಿತು ಆಡಿದ ಹದಿಮೂರು ವರ್ಷದ ಹುಡುಗ ರಾತ್ರಿ ಬೆಳಗಾಗುವುದರೊಳಗೆ ತಾರೆಯಾದ. ಅಣ್ಣನ ಹೆಸರಿನ ದಸ್ತಗೀರ್ ಎಂಬುದೇ ತಮ್ಮನಿಗೂ ಮನೆತನದ ಹೆಸರಾಗಿ ಅಂಟಿಕೊಂಡಿತೆಂದು ಹೇಳುತ್ತಾರೆ. ಹೆಸರಿನಿಂದಲೇ ಅವನ ಹೊಸ ಜನ್ಮ ಆರಂಭವಾಯಿತು.

ಮರುವರ್ಷ, 1938ರಲ್ಲಿ, ಕೋರ್ಡಾ 'ದಿ ಡ್ರಮ್' ಎಂಬ ಬಣ್ಣದ ಚಿತ್ರದಲ್ಲಿ ಸಾಬುವಿಗೆ ವಾಯವ್ಯ ಗಡಿಯ ರಾಜಕುಮಾರನ ಪಾತ್ರ ಕೊಟ್ಟ. ಬ್ರಿಟಿಷರಿಗೆ ನಿಷ್ಠನಾದ ರಾಜಕುಮಾರ ತನ್ನವರ ಸಂಚನ್ನು ಬಯಲು ಮಾಡುವ ಕಥೆ ಅದು. ಮುಂಬಯಿಯಲ್ಲಿ ಅದನ್ನು ತೋರಿಸಿದಾಗ ಜನ ಬೀದಿಗಿಳಿದು ಪ್ರತಿಭಟಿಸಿದರು; ಪ್ರದರ್ಶನ ನಿಂತುಹೋಯಿತು. ನಮ್ಮ ದೇಶ ಸ್ವಾತಂತ್ರ್ಯಕ್ಕಾಗಿ ಹೋರಾಡುತ್ತಿದ್ದ ಹೊತ್ತಿನಲ್ಲಿ ನಮ್ಮ ಹುಡುಗನೊಬ್ಬ ಲಂಡನ್ನಿನಲ್ಲಿ ಸಾಮ್ರಾಜ್ಯದ ಡಂಗುರ ಬಾರಿಸುತ್ತಿದ್ದುದು ಎಂಥ ವಿಪರ್ಯಾಸ! ಅವನನ್ನು ದೂಷಿಸುವುದು ಸಲ್ಲದು. ಹದಿನಾಲ್ಕರ ಹುಡುಗನಿಗೆ ಪಾತ್ರವನ್ನು ಆರಿಸುವ ಸ್ವಾತಂತ್ರ್ಯವೆಲ್ಲಿ? ಆದರೂ ಸ್ವದೇಶದಲ್ಲಿ ಅವನ ಹೆಸರು ಬೇರೂರದೆ ಹೋದುದಕ್ಕೆ ಈ ಪ್ರಸಂಗವೂ ಒಂದು ಕಾರಣವಿರಬೇಕೆಂದು ನನಗೆ ಅನಿಸುತ್ತದೆ.

ಅವನನ್ನು ಹಾಲಿವುಡ್ಡಿಗೆ ಒಯ್ದದ್ದು ಎರಡನೆಯ ಮಹಾಯುದ್ಧ. 'ದಿ ಥೀಫ್ ಆಫ್ ಬಾಗ್ದಾದ್' ಚಿತ್ರವನ್ನು ಇಂಗ್ಲೆಂಡಿನಲ್ಲಿ ಆರಂಭಿಸಿದ್ದರು. ಯುದ್ಧ ಹತ್ತಿಕೊಂಡ ಕಾರಣ ತಂಡವೆಲ್ಲ ಅಮೆರಿಕಕ್ಕೆ ಹೋಗಿ ಅಲ್ಲಿ ಚಿತ್ರವನ್ನು ಮುಗಿಸಿತು. 1940ರಲ್ಲಿ ಬಿಡುಗಡೆಯಾದ ಅದು ಛಾಯಾಗ್ರಹಣ, ಕಲಾನಿರ್ದೇಶನ, ದೃಶ್ಯಚಮತ್ಕಾರ ಎಂಬ ಮೂರು ಆಸ್ಕರ್ ಪ್ರಶಸ್ತಿಗಳನ್ನು ಪಡೆಯಿತು. ಸೀಸೆಯಿಂದ ಹೊರಬರುವ ಭೂತದ ಎದುರು, ಅದರ ಪಾದದಷ್ಟೂ ಎತ್ತರವಿಲ್ಲದ ಅಬು ಎಂಬ ಕಳ್ಳಹುಡುಗ ನಿಂತು ತನ್ನ ಚತುರತೆಯಿಂದ ಅದನ್ನು ಮತ್ತೆ ಸೀಸೆಗೆ ಸೇರಿಸುವ ದೃಶ್ಯವನ್ನು ಕಂಡವರು ಮರೆಯಲಾರರು.

ಈ ಚಿತ್ರದಲ್ಲಿ ಒಂದು ಸೂಕ್ಷ್ಮವಿದೆ. ಇದೇ ಹೆಸರಿನ ಮೂಕಚಿತ್ರವೊಂದು 1924ರಲ್ಲಿ ಬಂದಿತ್ತು. ಅದರಲ್ಲಿ ಡಗ್ಲಸ್ ಫೇರ್‌ಬ್ಯಾಂಕ್ಸ್ ಕಳ್ಳ. ಅವನೇ ನಾಯಕ, ಅವನೇ ಸಾಹಸಿ, ಕೊನೆಗೆ ರಾಜಕುಮಾರಿಯನ್ನು ವರಿಸುವವನೂ ಅವನೇ. 1940ರ ಚಿತ್ರದಲ್ಲಿ ಆ ಒಂದು ಪಾತ್ರವನ್ನು ಸೀಳಿ ಎರಡು ಮಾಡಿದ್ದಾರೆ. ಸಾಹಸವೆಲ್ಲ ಸಾಬುವಿನ ಕಳ್ಳನಿಗೆ. ಪ್ರಣಯವೆಲ್ಲ ಜಾನ್ ಜಸ್ಟಿನ್ ಎಂಬ ಆಂಗ್ಲ ನಟನ ರಾಜಕುಮಾರನಿಗೆ. ಕಥೆಯ ಕೊನೆಯಲ್ಲಿ ರಾಜ್ಯವನ್ನು ಮರಳಿ ಪಡೆದ ರಾಜ ಆ ಹುಡುಗನನ್ನು ಓದಿಸಿ ಮಂತ್ರಿಯಾಗಿಸುತ್ತೇನೆ ಎನ್ನುತ್ತಾನೆ. ಹುಡುಗ ಮಾಯಾಕಂಬಳಿಯ ಮೇಲೆ ಹಾರಿ ಹೋಗಿಬಿಡುತ್ತಾನೆ. ನೋಡುವವರಿಗೆ ಅದು ಸಂತೋಷದ ಮುಕ್ತಾಯ. ಆದರೆ ಸಾಬುವಿನ ಇಡೀ ವೃತ್ತಿಜೀವನದ ಸೂತ್ರ ಈ ಒಂದು ಸೀಳಿನಲ್ಲಿ ಅಡಗಿದೆ. ಅವನು ದೊಡ್ಡವನಾಗಬಾರದು, ಮಂತ್ರಿಯಾಗಬಾರದು, ಪ್ರೇಮಿಯಾಗಬಾರದು, ಹಾರುತ್ತಲೇ ಇರಬೇಕು.

1942ರಲ್ಲಿ ಜೋಲ್ಟಾನ್ ಕೋರ್ಡಾನ 'ಜಂಗಲ್ ಬುಕ್' ಬಂದಿತು, ಸಾಬು ಮೌಗ್ಲಿ. ಕಾಡಿನಿಂದ ಬಂದ ಹುಡುಗನಿಗಾಗಿ ಕ್ಯಾಲಿಫೋರ್ನಿಯಾದಲ್ಲಿ ಕೃತಕ ಕಾಡೊಂದನ್ನು ಕಟ್ಟಿದರು. ಆ ಚಿತ್ರಕ್ಕೆ ಮಿಕ್ಲೋಶ್ ರೋಜಾ ರಚಿಸಿದ ಸಂಗೀತವನ್ನು ಸಾಬುವಿನ ಕಥನದೊಡನೆ ಗ್ರಾಮಫೋನ್ ತಟ್ಟೆಗಳಲ್ಲಿಯೂ ಹೊರತಂದರು. ಏಳೇ ವರ್ಷಗಳ ಹಿಂದೆ ಇಂಗ್ಲಿಷ್ ಅರಿಯದಿದ್ದವನ ಇಂಗ್ಲಿಷ್ ಧ್ವನಿ ಅಮೆರಿಕದ ಮನೆಮನೆಯ ಪಡಸಾಲೆಯಲ್ಲಿ ಕೇಳಿಬಂದಿತು.

ಅನಂತರ ಅವನು ಯೂನಿವರ್ಸಲ್ ಸ್ಟುಡಿಯೋ ಸೇರಿದ. ಇಲ್ಲಿ ಆ ಕಾಲದ ಹಾಲಿವುಡ್ಡಿನ ವ್ಯವಸ್ಥೆಯನ್ನು ಸ್ವಲ್ಪ ವಿವರಿಸಬೇಕಾಗುತ್ತದೆ. ತಾರೆಯೆಂದರೆ ಸ್ವತಂತ್ರ ಕಲಾವಿದನೆಂದು ನಾವು ಭಾವಿಸುತ್ತೇವೆ. 1930-40ರ ದಶಕಗಳಲ್ಲಿ ಹಾಗಿರಲಿಲ್ಲ. ತಾರೆ ಸ್ಟುಡಿಯೋದ ಸಂಬಳಗಾರ. ಸಾಮಾನ್ಯವಾಗಿ ಏಳು ವರ್ಷಗಳ ಕರಾರು. ಯಾವ ಚಿತ್ರದಲ್ಲಿ ನಟಿಸಬೇಕು, ಯಾವ ಹೆಸರಿಟ್ಟುಕೊಳ್ಳಬೇಕು, ಪತ್ರಿಕೆಯವರಿಗೆ ತನ್ನ ಬಾಲ್ಯದ ಬಗ್ಗೆ ಏನು ಹೇಳಬೇಕು ಎಂಬುದೆಲ್ಲ ಸ್ಟುಡಿಯೋದ ತೀರ್ಮಾನ. ಒಪ್ಪದಿದ್ದರೆ ಸಂಬಳವಿಲ್ಲದೆ ಅಮಾನತು; ಅಮಾನತಿನ ಅವಧಿಯನ್ನು ಕರಾರಿನ ಕೊನೆಗೆ ಸೇರಿಸುತ್ತಿದ್ದರು. ಒಲಿವಿಯಾ ಡಿ ಹ್ಯಾವಿಲೆಂಡ್ ಎಂಬ ನಟಿ ಇದರ ವಿರುದ್ಧ ನ್ಯಾಯಾಲಯಕ್ಕೆ ಹೋಗಿ 1944ರಲ್ಲಿ ಗೆದ್ದ ಮೇಲೆ ಆ ಸರಪಳಿ ಸಡಿಲವಾಯಿತು. ಬಾಲನಟರ ಪಾಡು ಇನ್ನೂ ಕಷ್ಟದ್ದು. 1921ರಲ್ಲಿ ಚಾಪ್ಲಿನ್ನನ 'ದಿ ಕಿಡ್' ಚಿತ್ರದಿಂದ ಪ್ರಸಿದ್ಧನಾದ ಜ್ಯಾಕಿ ಕೂಗನ್ ಪ್ರಾಯಕ್ಕೆ ಬಂದಾಗ, ತಾನು ಗಳಿಸಿದ ಹಣವನ್ನೆಲ್ಲ ತಾಯಿಯೂ ಮಲತಂದೆಯೂ ಕರಗಿಸಿದ್ದರೆಂಬುದನ್ನು ಕಂಡುಕೊಂಡ. ಬಾಲನಟರ ಗಳಿಕೆಯ ಒಂದು ಪಾಲನ್ನು ಕಾದಿಡಬೇಕೆಂಬ ಕಾನೂನು ಕ್ಯಾಲಿಫೋರ್ನಿಯಾದಲ್ಲಿ ಬಂದದ್ದು ಆ ವ್ಯಾಜ್ಯದ ಫಲವಾಗಿ, 1939ರಲ್ಲಿ. ಶರ್ಲಿ ಟೆಂಪಲ್ ಹತ್ತು ವರ್ಷ ತುಂಬುವ ಹೊತ್ತಿಗೆ ಅಮೆರಿಕದ ಅತ್ಯಂತ ಜನಪ್ರಿಯ ತಾರೆ, ಇಪ್ಪತ್ತೆರಡಕ್ಕೆ ನಿವೃತ್ತೆ. ಅವಳು ಮುಂದೆ ರಾಯಭಾರಿಯಾದಳೆಂಬುದು ಅವಳ ಭಾಗ್ಯ.

ಯೂನಿವರ್ಸಲ್ ಸಾಬುವಿಗೆ ಕೊಟ್ಟದ್ದು 'ಅರೇಬಿಯನ್ ನೈಟ್ಸ್', 'ವೈಟ್ ಸ್ಯಾವೇಜ್', 'ಕೋಬ್ರಾ ವುಮನ್' ಎಂಬ ಮೂರು ವರ್ಣರಂಜಿತ ಚಿತ್ರಗಳು. ಮೂರರಲ್ಲಿಯೂ ನಾಯಕ ಜಾನ್ ಹಾಲ್, ನಾಯಕಿ ಮರಿಯಾ ಮಾಂಟೆಜ್. ಸಾಬು ನಾಯಕನ ಗೆಳೆಯ. ಹಗ್ಗ ಹತ್ತುವವನು, ಸುದ್ದಿ ತರುವವನು, ನಗಿಸುವವನು. ನಮ್ಮ ಸಂಸ್ಕೃತ ನಾಟಕಗಳ ವಿದೂಷಕನಿಗಾದರೂ ರಾಜನನ್ನು ಗೇಲಿ ಮಾಡುವ ಅಧಿಕಾರವಿತ್ತು. ಇವನಿಗೆ ಅದೂ ಇರಲಿಲ್ಲ.

ಇದಕ್ಕೆ ಸಾಬುವಿನ ಪ್ರತಿಭೆಯ ಕೊರತೆ ಕಾರಣವೆನ್ನಲು ಸಾಧ್ಯವಿಲ್ಲ. ಅಮೆರಿಕದ ಚಿತ್ರೋದ್ಯಮ ತನಗೆ ತಾನೇ ವಿಧಿಸಿಕೊಂಡಿದ್ದ ನೀತಿಸಂಹಿತೆಯೊಂದು 1934ರಿಂದ ಬಿಗಿಯಾಗಿ ಜಾರಿಯಲ್ಲಿತ್ತು. ಭಿನ್ನ ವರ್ಣದವರ ಪ್ರಣಯವನ್ನು ತೆರೆಯ ಮೇಲೆ ತೋರಿಸಕೂಡದು ಎಂಬುದು ಅದರ ಒಂದು ವಿಧಿ. ಬರಹದಲ್ಲಿ ಅದು ಬಿಳಿಯರನ್ನೂ ಕರಿಯರನ್ನೂ ಕುರಿತದ್ದು. ಆಚರಣೆಯಲ್ಲಿ ಏಷ್ಯಾದವರಿಗೂ ಅನ್ವಯಿಸಿತು. ಚೀನೀ ಮೂಲದ ಅಮೆರಿಕನ್ ನಟಿ ಆನಾ ಮೇ ವಾಂಗ್‌ಳ ಉದಾಹರಣೆಯನ್ನು ನೋಡಿ. ಚೀನಾದ ರೈತರ ಬಾಳನ್ನು ಕುರಿತ 'ದಿ ಗುಡ್ ಅರ್ತ್' ಚಿತ್ರದ ನಾಯಕಿಯ ಪಾತ್ರ ಅವಳಿಗೆ ದೊರೆಯಲಿಲ್ಲ. ಲೂಯಿಸ್ ರೈನರ್ ಎಂಬ ಯುರೋಪಿನ ನಟಿಗೆ ದೊರೆಯಿತು, ಅವಳಿಗೆ ಆಸ್ಕರ್ ಕೂಡ ಬಂದಿತು.

ಇನ್ನೂ ಹತ್ತಿರದ ಉದಾಹರಣೆಯೆಂದರೆ ಮರ್ಲ್ ಒಬೆರಾನ್. ಅವಳು ಹುಟ್ಟಿದ್ದು 1911ರಲ್ಲಿ, ಮುಂಬಯಿಯಲ್ಲಿ, ಬೆಳೆದದ್ದು ಕಲ್ಕತ್ತೆಯಲ್ಲಿ. ಅವಳನ್ನೂ ತಾರೆಯಾಗಿಸಿದವನು ಇದೇ ಅಲೆಕ್ಸಾಂಡರ್ ಕೋರ್ಡಾ. 1939ರಲ್ಲಿ ಅವಳನ್ನು ಮದುವೆಯೂ ಆದ. ಅವಳ ಮೈಬಣ್ಣ ತಕ್ಕಮಟ್ಟಿಗೆ ಬಿಳಿಯಾಗಿದ್ದುದರಿಂದ ಆಸ್ಟ್ರೇಲಿಯದ ಟಾಸ್ಮೇನಿಯದಲ್ಲಿ ಹುಟ್ಟಿದವಳೆಂದು ಕಥೆ ಕಟ್ಟಿದರು. 1979ರಲ್ಲಿ ಸಾಯುವವರೆಗೂ ಅವಳು ಆ ಸುಳ್ಳನ್ನು ಹೊತ್ತು ನಡೆದಳು. ಒಬ್ಬನೇ ನಿರ್ಮಾಪಕ, ಭಾರತದಲ್ಲಿ ಹುಟ್ಟಿದ ಇಬ್ಬರು ತಾರೆಯರು. ಒಬ್ಬಳು ತನ್ನ ಹುಟ್ಟನ್ನು ಮುಚ್ಚಿಟ್ಟು ನಾಯಕಿಯಾದಳು. ಇನ್ನೊಬ್ಬನು ತನ್ನ ಹುಟ್ಟನ್ನೇ ಪ್ರದರ್ಶನಕ್ಕಿಟ್ಟು ತಲೆಗೆ ಮುಂಡಾಸು ಸುತ್ತಿ ಬಾಲಕನಾಗಿಯೇ ಉಳಿದ. ಇವರಲ್ಲಿ ಯಾರು ಹೆಚ್ಚು ಕಳೆದುಕೊಂಡರು? ನನಗೆ ಉತ್ತರ ಸುಲಭವಾಗಿ ಹೊಳೆಯುವುದಿಲ್ಲ.

ತೆರೆಯ ಮೇಲೆ ದೊಡ್ಡವನಾಗಲು ಬಿಡದ ದೇಶ ಅವನನ್ನು ಸೈನ್ಯದಲ್ಲಿ ದೊಡ್ಡವನಾಗಲು ಬಿಟ್ಟಿತು. ಭಾರತೀಯರು ಅಮೆರಿಕದ ಪ್ರಜೆಗಳಾಗಲು ಅರ್ಹರಲ್ಲವೆಂದು ಅಲ್ಲಿಯ ಸರ್ವೋಚ್ಚ ನ್ಯಾಯಾಲಯ 1923ರಲ್ಲಿ ಭಗತ್ ಸಿಂಗ್ ಥಿಂಡ್ ಎಂಬವರ ಮೊಕದ್ದಮೆಯಲ್ಲಿ ತೀರ್ಪು ಕೊಟ್ಟಿತ್ತು. ಆ ಬಾಗಿಲು ಭಾರತೀಯರಿಗೆ ಸಾಮಾನ್ಯವಾಗಿ ತೆರೆದದ್ದು 1946ರ ಕಾನೂನಿನಿಂದ. ಸಾಬು 1944ರಲ್ಲಿಯೇ ಪ್ರಜೆಯಾದ. ಅಮೆರಿಕದ ಸೇನಾ ವಾಯುಪಡೆಯಲ್ಲಿ ದುಡಿದ. ಬಿ-24 ಲಿಬರೇಟರ್ ಎಂಬ ನಾಲ್ಕು ಎಂಜಿನ್ನುಗಳ ಬಾಂಬರ್ ವಿಮಾನದಲ್ಲಿ ಅವನು ಬಂದೂಕುಗಾರ. ವಿಮಾನದ ಬಾಲದ ತುದಿಯ ಗಾಜಿನ ಗೂಡಿನಲ್ಲಿ ಒಬ್ಬನೇ ಹಿಂದಕ್ಕೆ ಮುಖ ಮಾಡಿ ಕುಳಿತು, ಬೆನ್ನಟ್ಟುವ ಶತ್ರು ವಿಮಾನಗಳನ್ನು ಎದುರಿಸುವ ಕೆಲಸ. ಶಾಂತಸಾಗರದ ಮೇಲೆ ಹತ್ತಾರು ದಾಳಿಗಳಲ್ಲಿ ಪಾಲ್ಗೊಂಡು 'ಡಿಸ್ಟಿಂಗ್ವಿಷ್ಡ್ ಫ್ಲೈಯಿಂಗ್ ಕ್ರಾಸ್' ಎಂಬ ಶೌರ್ಯಪದಕವನ್ನು ಪಡೆದ. ಹಾಲಿವುಡ್ಡಿನ ಇತರ ತಾರೆಯರೂ ಯುದ್ಧಕ್ಕೆ ಹೋದರು. ಜೇಮ್ಸ್ ಸ್ಟುವರ್ಟ್ ಇದೇ ಲಿಬರೇಟರ್ ವಿಮಾನಗಳನ್ನು ಯುರೋಪಿನ ಮೇಲೆ ಹಾರಿಸಿದ. ಗೇಬಲ್ ಕೂಡ ಬಾಂಬರುಗಳಲ್ಲಿ ಹೋದ. ಅವರು ತಮ್ಮ ಹುಟ್ಟುನಾಡಿಗಾಗಿ ಹೋದವರು, ಇವನು ಆರಿಸಿಕೊಂಡ ನಾಡಿಗಾಗಿ ಹೋದವನು.

ನಾನು ವಾಸವಾಗಿರುವ ದೊಡ್ಡನೆಕ್ಕುಂದಿಯ ಪಕ್ಕದಲ್ಲಿಯೇ ವಿಮಾನ ಕಾರ್ಖಾನೆ. ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ನೆರವಿನಿಂದ 1940ರ ಡಿಸೆಂಬರಿನಲ್ಲಿ ಅದನ್ನು ಸ್ಥಾಪಿಸಿದರು. 1943ರಲ್ಲಿ ಅದರ ಆಡಳಿತ ಅಮೆರಿಕದ ಸೇನಾ ವಾಯುಪಡೆಯ ಕೈಗೆ ಬಂದು, ಭಾರತ-ಬರ್ಮಾ ರಂಗದಲ್ಲಿ ಹಾರುವ ಅಮೆರಿಕನ್ ವಿಮಾನಗಳ ದುರಸ್ತಿಯ ದೊಡ್ಡ ಕೇಂದ್ರವಾಯಿತು. ಯುದ್ಧ ಮುಗಿದ ಮೇಲೆ ಕಾನ್ಪುರದಲ್ಲಿ ಕೆಡಿಸಿ ಬಿಟ್ಟುಹೋಗಿದ್ದ ಲಿಬರೇಟರುಗಳನ್ನು 1948ರಲ್ಲಿ ಬೆಂಗಳೂರಿಗೆ ತಂದು, ಸರಿಪಡಿಸಿ, ಸ್ವತಂತ್ರ ಭಾರತದ ವಾಯುಪಡೆಗೆ ಒಪ್ಪಿಸಿದವರೂ ಈ ಕಾರ್ಖಾನೆಯ ಕೆಲಸಗಾರರೇ. ನೋಡಿ, ಕಾರಾಪುರದ ಹುಡುಗ ಅಮೆರಿಕದ ಸೈನಿಕನಾಗಿ ಯಾವ ಬಗೆಯ ವಿಮಾನದಲ್ಲಿ ಶಾಂತಸಾಗರದ ಮೇಲೆ ಹಾರಿದನೋ ಅದೇ ಬಗೆಯ ವಿಮಾನಗಳ ನಟ್ಟು ಬೋಲ್ಟುಗಳನ್ನು ಮೈಸೂರು ಸಂಸ್ಥಾನದ ಹುಡುಗರು ಬಿಗಿದರು. ಇಂದು ನಮ್ಮ ಬಡಾವಣೆಯ ಗಣಕಯಂತ್ರದ ತಜ್ಞರು ಅಮೆರಿಕಕ್ಕೆ ಹೋಗಿಬರುವುದು ವಿಶೇಷವೇ ಅಲ್ಲ. ಅಂದು ಒಬ್ಬ ಮಾವುತನ ಮಗ ಹೋದದ್ದು ಎಷ್ಟು ದೂರದ ಪಯಣವೆಂಬುದನ್ನು ಅಳೆಯಲು ನಮಗೆ ಇಂದು ಕೋಲಿಲ್ಲ.

ಯುದ್ಧದಿಂದ ಮರಳಿದವನಿಗೆ ಇಪ್ಪತ್ತೆರಡರ ಪ್ರಾಯ. 1947ರಲ್ಲಿ ಇಂಗ್ಲೆಂಡಿನ ಪೊವೆಲ್-ಪ್ರೆಸ್‌ಬರ್ಗರ್ ಜೋಡಿಯ 'ಬ್ಲ್ಯಾಕ್ ನಾರ್ಸಿಸಸ್' ಎಂಬ ಶ್ರೇಷ್ಠ ಚಿತ್ರದಲ್ಲಿ ಅವನಿಗೊಂದು ಪ್ರೌಢ ಪಾತ್ರ ಸಿಕ್ಕಿತು. ಹಿಮಾಲಯದ ಕ್ರೈಸ್ತ ಮಠವೊಂದಕ್ಕೆ ಓದಲು ಬರುವ ರಾಜಕುಮಾರ; ರೇಷ್ಮೆಯುಡುಗೆ, ಸುಗಂಧ, ಕೊನೆಗೆ ಪ್ರಣಯವೂ ಉಂಟು. ಹಿಮಾಲಯವನ್ನು ಕಟ್ಟಿದ್ದು ಲಂಡನ್ನಿನ ಸಮೀಪದ ಸ್ಟುಡಿಯೋದಲ್ಲಿ. ಅವನ ಪ್ರೇಯಸಿ ಕಾಂಚಿಯಾಗಿ ನಟಿಸಿದವಳು ಕಂದುಬಣ್ಣ ಬಳಿದುಕೊಂಡ ಆಂಗ್ಲ ನಟಿ ಜೀನ್ ಸಿಮನ್ಸ್. ಇಷ್ಟಾದರೂ ಸಾಬು ಎಂಥ ನಟನಾಗಬಹುದಾಗಿತ್ತು ಎಂಬುದರ ಸುಳಿವು ಈ ಚಿತ್ರದಲ್ಲಿದೆ. ತಪ್ಪೊಪ್ಪಿಕೊಳ್ಳಲು ಮಠಾಧ್ಯಕ್ಷೆಯ ಎದುರು ಬರುವ ದೃಶ್ಯದಲ್ಲಿ ಅವನು ತೋರುವ ನಾಚಿಕೆ, ಗಾಂಭೀರ್ಯಗಳು ಆನೆಯ ಹುಡುಗನವಲ್ಲ, ಪಳಗಿದ ನಟನವು.

ಆದರೆ ಕಾಲ ತಿರುಗಿತ್ತು. ಸ್ಟುಡಿಯೋಗಳು ಚಿತ್ರಮಂದಿರಗಳ ಒಡೆತನವನ್ನು ಬಿಟ್ಟುಕೊಡಬೇಕಾಗುವಂಥ ತೀರ್ಪು 1948ರಲ್ಲಿ ಬಂದಿತು. ಜೊತೆಗೆ ದೂರದರ್ಶನ ಬಂದಿತು. ಮಾಯಾಕಂಬಳಿಯ ವರ್ಣಚಿತ್ರಗಳಿಗೆ ಬೇಡಿಕೆ ಕುಗ್ಗಿತು. ಸಾಬುವಿಗೆ ಸಿಕ್ಕವು 'ಮ್ಯಾನ್‌ಈಟರ್ ಆಫ್ ಕುಮಾಂವ್', 'ಸಾಂಗ್ ಆಫ್ ಇಂಡಿಯಾ' ಎಂಬಂಥ ಕಾಡುಮೃಗಗಳ ಚಿತ್ರಗಳು. 1948ರಲ್ಲಿ ಮರ್ಲಿನ್ ಕೂಪರ್ ಎಂಬ ನಟಿಯನ್ನು ಮದುವೆಯಾಗಿ ಸಂಸಾರ ಹೂಡಿದ; ಇಬ್ಬರು ಮಕ್ಕಳಾದರು. ಐವತ್ತರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಸರ್ಕಸ್ಸೊಂದರಲ್ಲಿ ಆನೆಗಳೊಡನೆ ಪ್ರದರ್ಶನ ಕೊಟ್ಟ. ಇಟಲಿಗೆ ಹೋಗಿ ವಿಟ್ಟೋರಿಯೋ ಡಿ ಸಿಕಾನೊಡನೆ ನಟಿಸಿದ. ಅಲ್ಲಿಯೂ ಕಥೆಯಲ್ಲಿ ಆನೆಯೇ!

ಅವನ ಬಾಳಿನಲ್ಲಿ ನನ್ನ ಮನಸ್ಸನ್ನು ಬಹುವಾಗಿ ಕಲಕುವ ಸಂಗತಿ ಇನ್ನೊಂದು. ಮೆಹಬೂಬ್ ಖಾನರು 'ಮದರ್ ಇಂಡಿಯಾ' ಚಿತ್ರವನ್ನು ಯೋಜಿಸಿದಾಗ ಬಿರ್ಜು ಎಂಬ ಸಿಡುಕಿನ ಮಗನ ಪಾತ್ರಕ್ಕೆ ಮೊದಲು ಬಯಸಿದ್ದು ಸಾಬುವನ್ನು. ಆದರೆ ಅವನು ಅಮೆರಿಕದ ಪ್ರಜೆ. ಭಾರತದಲ್ಲಿ ದುಡಿಯಲು ಪರವಾನಗಿ ಬೇಕು. ಅದು ದೊರೆಯದೆ ಯೋಜನೆ ಬಿದ್ದುಹೋಯಿತು. ಪಾತ್ರ ಸುನಿಲ್ ದತ್ತರಿಗೆ ಸಂದಿತು. 1957ರಲ್ಲಿ ಬಿಡುಗಡೆಯಾದ ಆ ಚಿತ್ರ ಆಸ್ಕರ್ ಸ್ಪರ್ಧೆಯ ಅಂತಿಮ ಪಟ್ಟಿಯವರೆಗೂ ಹೋಯಿತು. ಸುನಿಲ್ ದತ್ತರ ಬಾಳೇ ಬದಲಾಯಿತು. ಹುಟ್ಟಿದ ನೆಲದಲ್ಲಿ ಒಬ್ಬ ಪೂರ್ಣ ಮನುಷ್ಯನ ಪಾತ್ರ ಮೊದಲ ಸಲ ಎದುರಾದಾಗ ಆ ನೆಲದಲ್ಲಿ ಅವನು ವಿದೇಶೀಯನಾಗಿದ್ದ.

ಇಲ್ಲಿ ಒಂದು ಹೋಲಿಕೆಗೆ ಅವಕಾಶ ಕೊಡಬೇಕೆಂದು ಬೇಡುತ್ತೇನೆ. ಸಾಬು ಹುಟ್ಟಿದ ಐದು ವರ್ಷಗಳ ತರುವಾಯ, 1929ರಲ್ಲಿ, ಗಾಜನೂರಿನಲ್ಲಿ ಮುತ್ತುರಾಜ ಎಂಬ ಮಗು ಹುಟ್ಟಿತು. ಮುಂದೆ ನಮ್ಮ ರಾಜ್‌ಕುಮಾರ್. ಅವರೂ ಕಾಡಿನ ಅಂಚಿನವರು, ಅವರಿಗೂ ಶಾಲೆಯ ಓದು ಹೆಚ್ಚಿಲ್ಲ. 1954ರ 'ಬೇಡರ ಕಣ್ಣಪ್ಪ'ದಲ್ಲಿ ಅವರು ನಾಯಕರಾಗಿ ಕಾಣಿಸಿಕೊಂಡದ್ದು ಕಾಡಿನ ಬೇಡನಾಗಿಯೇ. ಆದರೆ ಆ ಬೇಡ ಅಲ್ಲಿಗೇ ನಿಲ್ಲಲಿಲ್ಲ. ಹರಿಶ್ಚಂದ್ರನಾದ, ಗೋರ ಕುಂಬಾರನಾದ, ಮಯೂರವರ್ಮನಾದ, ಕಾಳಿದಾಸನಾದ. 'ಬಂಗಾರದ ಮನುಷ್ಯ'ದ ರೈತನೂ ಆದ, 'ಜೇಡರ ಬಲೆ'ಯ ಗೂಢಚಾರನೂ ಆದ. ಇದು ಅವರ ಪ್ರತಿಭೆಯ ಫಲವೆಂಬುದರಲ್ಲಿ ಸಂಶಯವಿಲ್ಲ. ಆದರೆ ಪ್ರತಿಭೆಯ ಬೆನ್ನಿಗೆ ಒಂದು ಭಾಷೆ ನಿಂತಿತ್ತು. ಆ ಭಾಷೆಗೆ ಸಾವಿರ ವರ್ಷಗಳ ಸಾಹಿತ್ಯವಿತ್ತು, ರಂಗಭೂಮಿಯಿತ್ತು, ಪಾತ್ರಗಳನ್ನು ಬರೆಯಬಲ್ಲ ಲೇಖಕರಿದ್ದರು, ಬೇಡನನ್ನು ರಾಜನಾಗಿ ನೋಡಲು ಸಿದ್ಧರಾದ ಪ್ರೇಕ್ಷಕರಿದ್ದರು. ಮಾಸ್ತಿಯವರ ಕಾಡಿನವರು ರಾಜನೊಡನೆ ಮಾತನಾಡುತ್ತಾರೆಂದು ಆಗ ಹೇಳಿದೆನಲ್ಲ, ಅಂಥ ಭಾಷೆ ಅದು. ಸಾಬುವಿನ ಬೆನ್ನಿಗೆ ಹಾಗೆ ನಿಂತವರು ಯಾರು? ಅವನಿಗಾಗಿ ಬರೆದವರಿಗೆಲ್ಲ ಅವನ ಮುಖ ಗೊತ್ತಿತ್ತು, ಅವನ ಮನೆಯ ಮಾತು ಗೊತ್ತಿರಲಿಲ್ಲ. ಮುಖವನ್ನು ನೋಡಿ ಬರೆದ ಪಾತ್ರಕ್ಕೆ ಪ್ರಾಯ ಬರುವುದಿಲ್ಲ. ಮುಖಕ್ಕೆ ಮಾತ್ರ ಪ್ರಾಯ ಬರುತ್ತದೆ.

1960ರಲ್ಲಿ ಹಾಲಿವುಡ್ಡಿನ ಕಾಲುದಾರಿಯಲ್ಲಿ ತಾರೆಯರ ಹೆಸರುಗಳನ್ನು ಹಿತ್ತಾಳೆಯ ನಕ್ಷತ್ರಗಳಲ್ಲಿ ಕೂರಿಸಿದಾಗ ಸಾಬುವಿಗೂ ಒಂದು ನಕ್ಷತ್ರ ಸಂದಿತು. ಕೊನೆಯ ಎರಡು ಚಿತ್ರಗಳು 'ರ‍್ಯಾಂಪೇಜ್' ಮತ್ತು ಡಿಸ್ನಿ ಸಂಸ್ಥೆಯ 'ಎ ಟೈಗರ್ ವಾಕ್ಸ್'. ಎರಡರಲ್ಲಿಯೂ ಕಾಡುಮೃಗಗಳೇ. ಎರಡನೆಯದು 1964ರಲ್ಲಿ ಬಿಡುಗಡೆಯಾಗುವ ಹೊತ್ತಿಗೆ ಅವನು ಇರಲಿಲ್ಲ. ಹಿಂದಿನ ವರ್ಷದ ಡಿಸೆಂಬರಿನಲ್ಲಿ ಚಾಟ್ಸ್‌ವರ್ತ್‌ನ ತನ್ನ ಮನೆಯಲ್ಲಿ ಹೃದಯಾಘಾತದಿಂದ ತೀರಿಕೊಂಡಿದ್ದ. ಅವನ ಜೊತೆಯ ನಾಯಕಿ ಮರಿಯಾ ಮಾಂಟೆಜ್ ಕೂಡ 1951ರಲ್ಲಿ ತೀರಿಕೊಂಡದ್ದು ಮೂವತ್ತೊಂಬತ್ತನೆಯ ವಯಸ್ಸಿನಲ್ಲಿಯೇ.

ಇಷ್ಟನ್ನು ಕೇಳಿದ ಮೇಲೆ ಸಾಬುವಿನ ಬಾಳು ಬರಿಯ ದುರಂತವೆಂದು ತಿಳಿಯಬಾರದು. ಹಾಲಿವುಡ್ ಅವನಿಗೆ ಅನ್ನ ಕೊಟ್ಟಿತು, ಮನೆ ಕೊಟ್ಟಿತು, ಸಂಸಾರ ಕೊಟ್ಟಿತು. ತಂದೆತಾಯಿಯಿಲ್ಲದ ಹುಡುಗನಿಗೆ ಇವೆಲ್ಲ ಸಣ್ಣವಲ್ಲ. ಪ್ರತಿಯಾಗಿ ಪಡೆದುಕೊಂಡದ್ದು ಒಂದೇ: ಬೇರೊಬ್ಬನಾಗುವ ಅವಕಾಶ. ನಟನಿಗೆ ಅದೊಂದೇ ಬಂಡವಾಳವೆಂಬುದನ್ನು ನಾವು ಮರೆಯಲಾಗದು. ಈ ಲೆಕ್ಕವನ್ನು ಹೊರನಾಡುಗಳಿಗೆ ಹೋಗುವ ನಮ್ಮ ಮಕ್ಕಳೂ ಒಮ್ಮೆ ಹಾಕಿ ನೋಡಬಹುದು.

ನಮ್ಮ ಕಡೆಯಿಂದಲೂ ಒಂದು ಕರ್ತವ್ಯವಿದೆ. 'ಎಲಿಫೆಂಟ್ ಬಾಯ್' ಚಿತ್ರದ ಮೈಸೂರಿನ ಭಾಗಗಳು ನಮ್ಮ ನಾಡಿನ ದಾಖಲೆ. ಕಥೆಯನ್ನು ಬೇಕಾದರೆ ಬಿಟ್ಟುಬಿಡಿ. ಖೆಡ್ಡ ನಿಂತುಹೋಗಿದೆ, ಐರಾವತ ಇಲ್ಲ, ಹಳೆಯ ಕಾಕನಕೋಟೆ ನೀರಿನಡಿಯಲ್ಲಿದೆ. ಅವೆಲ್ಲ ಇದ್ದ ಕಾಲದ ಬೆಳಕು ಆ ಕಪ್ಪುಬಿಳುಪಿನ ಸುರುಳಿಗಳಲ್ಲಿ ಉಳಿದಿದೆ. ನಮ್ಮ ಶಾಲಾಕಾಲೇಜುಗಳಲ್ಲಿ, ಚಿತ್ರಸಮಾಜಗಳಲ್ಲಿ ಅದನ್ನು ತೋರಿಸಬೇಕು. ಆನೆಯ ನೆತ್ತಿಯ ಮೇಲೆ ಕುಳಿತು, ಅದರ ಕಿವಿಯ ಹಿಂದೆ ಕಾಲುಬೆರಳೊತ್ತಿ, ನದಿಗಿಳಿಸುವ ಆ ಹುಡುಗನನ್ನು ನಮ್ಮ ಮಕ್ಕಳು ನೋಡಬೇಕು. ಅಲ್ಲಿ ಅವನು ಯಾರೋ ಬರೆದುಕೊಟ್ಟದ್ದನ್ನು ಆಡುತ್ತಿಲ್ಲ. ತಂದೆಯಿಂದ ಕಲಿತ ಕೆಲಸವನ್ನು ಮಾಡುತ್ತಿದ್ದಾನೆ, ಮತ್ತು ಅದನ್ನು ಬಹಳ ಚೆನ್ನಾಗಿ ಮಾಡುತ್ತಿದ್ದಾನೆ.